ಇಪ್ಪತ್ತಮೂರರ ಲೆಕ್ಕ

ಮನುಷ್ಯನಿಗೆ ಅಂಕಿಯನ್ನು ಅಂಟಿಸುವ ಚಪಲ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಮಗು ಹುಟ್ಟಿದೊಡನೆ ತೂಕವೆಷ್ಟೆಂದು ಕೇಳುತ್ತೇವೆ. ಶಾಲೆಗೆ ಸೇರಿದೊಡನೆ ತರಗತಿಗೆ ಎಷ್ಟನೆಯದೆಂದು ಕೇಳುತ್ತೇವೆ. ಕಾಲೇಜಿನಲ್ಲಿ ಶೇಕಡಾ ಎಷ್ಟು, ಕೆಲಸಕ್ಕೆ ಸೇರಿದ ಮೇಲೆ ಸಂಬಳವೆಷ್ಟು, ವಯಸ್ಸಾದ ಮೇಲೆ ರಕ್ತದೊತ್ತಡವೆಷ್ಟು — ಹೀಗೆ ಅಂಕಿಯಿಂದ ಅಂಕಿಗೆ ದಾಟುತ್ತ ದಾಟುತ್ತಲೇ ಆಯುಷ್ಯ ಮುಗಿದುಹೋಗುತ್ತದೆ. ಅಧ್ಯಾಪಕನಾದ ನನಗಂತೂ ಇದು ಹೊಟ್ಟೆಪಾಡಿನ ಮಾತು. ವರ್ಷಕ್ಕೆರಡು ಬಾರಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಮುಂದಿಟ್ಟುಕೊಂಡು, ಪಂಪನನ್ನು ಸವಿದವನಿಗೆ ಒಂದು ಅಂಕಿ, ಪಂಪನ ಹೆಸರನ್ನು ಮಾತ್ರ ಬಲ್ಲವನಿಗೆ ಇನ್ನೊಂದು ಅಂಕಿ ಎಂದು ಕೆಂಪು ಶಾಯಿಯಲ್ಲಿ ಬರೆಯುವುದೇ ನನ್ನ ಉದ್ಯೋಗ. ಈ ಅಂಕಿಗಳ ಧರ್ಮವೇ ಬೇರ್ಪಡಿಸುವುದು. ಎಂಬತ್ತರವನು ಮುಂದಿನ ಬೆಂಚಿಗೆ, ಮೂವತ್ತೈದರವನು ಗೋಡೆಯ ಪಕ್ಕಕ್ಕೆ. ಎಂಬತ್ತರವನಿಗೆ ಮೂವತ್ತೈದರವನಿಂದ ಆಗಬೇಕಾದದ್ದೇನೂ ಇಲ್ಲ.

ಆದರೆ ಅದೇ ಅಂಕಿ ಜನರನ್ನು ಕೂಡಿಸಲೂ ಬಲ್ಲುದು. ಇದನ್ನು ನಾನು ಕಂಡದ್ದು ಯಾವ ವಿದ್ಯಾಲಯದಲ್ಲಿಯೂ ಅಲ್ಲ. ಅಮೆರಿಕೆಯ ಒಂದು ಪಾನಗೃಹದಲ್ಲಿ! ಕನ್ನಡ ಮೇಷ್ಟರಿಗೆ ಪಾನಗೃಹದಲ್ಲೇನು ಕೆಲಸವೆಂದು ಓದುಗರು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ನಾನಲ್ಲಿ ಕುಡಿದದ್ದು ಸಕ್ಕರೆ ಹೆಚ್ಚಾಗಿದ್ದ ನಿಂಬೆಹಣ್ಣಿನ ಪಾನಕವನ್ನು, ಕರೆದುಕೊಂಡು ಹೋದವರು ನಮ್ಮ ಭಾವನವರು, ಅಪ್ಪಣೆ ಕೊಟ್ಟವಳು ಸ್ವತಃ ಅಕ್ಕ.

ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಅಕ್ಕ-ಭಾವ ಮನೆ ಮಾಡಿಕೊಂಡು ಹಲವು ವರ್ಷಗಳಾದವು. ಬೇಸಗೆಯ ರಜೆಯಲ್ಲಿ ಆರು ವಾರಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆ. ಭಾವನವರು ಎಂಜಿನಿಯರು, ಮಿತಭಾಷಿಗಳು. ಬೆಳಗ್ಗೆ ಸಂಧ್ಯಾವಂದನೆ, ಮಧ್ಯಾಹ್ನ ಮೊಸರನ್ನ, ರಾತ್ರಿ ಒಂಬತ್ತಕ್ಕೆ ನಿದ್ರೆ — ಇಂತಹ ಮನುಷ್ಯರು ಮಂಗಳವಾರ ಸಂಜೆ ಆರೂವರೆಯಾಗುತ್ತಲೇ ಉದ್ದನೆಯ ಚರ್ಮದ ಚೀಲವೊಂದನ್ನು ಹೆಗಲಿಗೇರಿಸಿ ಹೊರಟು, ಹನ್ನೊಂದು ಗಂಟೆ ದಾಟಿದ ಮೇಲೆ ಹಿಂದಿರುಗುವುದನ್ನು ಕಂಡು ನನಗೆ ಕುತೂಹಲವಾಯಿತು.

“ಅಕ್ಕಾ, ಭಾವ ಎಲ್ಲಿಗೆ ಹೋಗುತ್ತಾರೆ?” ಎಂದೆ.

“ಲೀಗಿಗೆ ಕಣೋ. ಪೂಲ್ ಆಡ್ತಾರೆ. ಮಳೆ ಬರಲಿ, ಹಿಮ ಬೀಳಲಿ, ಮಂಗಳವಾರ ಮಾತ್ರ ತಪ್ಪೋ ಹಾಗಿಲ್ಲ. ನೀನೂ ಹೋಗಿ ನೋಡಿಕೊಂಡು ಬಾ. ಅಮ್ಮನಿಗೆ ಮಾತ್ರ ಬಾರಿಗೆ ಹೋಗಿದ್ದೆ ಅಂತ ಹೇಳಬೇಡ” ಎಂದಳು.

ಅಮ್ಮನಿಗೆ ಹೇಳಬೇಡವೆಂಬ ಎಚ್ಚರಿಕೆಗೆ ಅರ್ಥವಿತ್ತು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಬಿಲಿಯರ್ಡ್ಸ್ ಎಂದರೆ ದೊರೆಗಳ ಆಟ, ಪೂಲ್ ಎಂದರೆ ಕೆಟ್ಟ ಹುಡುಗರ ಆಟ. ಒಂದು ನಮಗೆ ಎಟುಕದ್ದು, ಇನ್ನೊಂದು ನಮಗೆ ಸಲ್ಲದ್ದು. ಅಮೆರಿಕದಲ್ಲಿಯೂ ಪೂಲಿಗೆ ಬಹುಕಾಲ ಇದೇ ಅಪಖ್ಯಾತಿ ಇತ್ತು. ‘ಪೂಲ್’ ಎಂಬ ಮಾತಿನ ಅರ್ಥವೇ ಹಲವರು ಹಣ ಹಾಕಿ ಒಟ್ಟುಗೂಡಿಸಿದ ಪಣ. ಹತ್ತೊಂಬತ್ತನೆಯ ಶತಮಾನದಲ್ಲಿ ಪೂಲ್ ರೂಮುಗಳೆಂದರೆ ಕುದುರೆ ಜೂಜಿನ ಕಟ್ಟೆಗಳು. ಒಂದು ಓಟಕ್ಕೂ ಮುಂದಿನ ಓಟಕ್ಕೂ ನಡುವೆ ಗಿರಾಕಿಗಳಿಗೆ ಬೇಸರವಾಗದಿರಲೆಂದು ಮಾಲೀಕರು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನು ಹಾಕಿಸಿದರು. ಜೂಜಿನ ಹೆಸರು ಕ್ರಮೇಣ ಪಕ್ಕದ ಮೇಜಿಗೆ ಅಂಟಿತು. ಹೆಸರಿನ ಹಿಂದೆಯೇ ಕೆಟ್ಟ ಹೆಸರೂ ಬಂತು. ೧೯೬೧ರಲ್ಲಿ ತೆರೆಕಂಡ ‘ದಿ ಹಸ್ಲರ್’ ಎಂಬ ಚಿತ್ರದಿಂದ ಆಟಕ್ಕೆ ಹೊಸ ಜೀವ ಬಂದಿತಾದರೂ, ಅದರ ನಾಯಕನೂ ಅಮಾಯಕರನ್ನು ಪಣಕ್ಕೆಳೆದು ಹಣ ಕೀಳುವ ಚತುರನೇ. ಬಲ್ಲವನು ಬಾರದವನಂತೆ ನಟಿಸುವುದು, ಬಾರದವನು ತನಗೆಲ್ಲ ಬರುತ್ತದೆಂದು ನಂಬಿ ಸೋಲುವುದು — ಪೂಲ್ ರೂಮಿನ ಹಳೆಯ ನೀತಿ ಇದು.

ಈ ನೀತಿಯನ್ನು ತಲೆಕೆಳಗು ಮಾಡಿದವರು ಇಬ್ಬರು ವೃತ್ತಿಪರ ಆಟಗಾರರೇ ಎಂಬುದು ಸ್ವಾರಸ್ಯ. ಟೆರಿ ಬೆಲ್ ಮತ್ತು ಲ್ಯಾರಿ ಹಬ್ಬರ್ಟ್ ಎಂಬುವರು ೧೯೭೯ರಲ್ಲಿ ಹವ್ಯಾಸಿಗಳಿಗಾಗಿ ಒಂದು ಲೀಗನ್ನು ಆರಂಭಿಸಿದರು. ಅದೇ ಮುಂದೆ ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ ಎಂದು ಬೆಳೆಯಿತು. ಅದರ ಕೇಂದ್ರ ಕಚೇರಿ ಇರುವುದು ಅಕ್ಕನ ಮನೆಗೆ ದೂರವಲ್ಲದ ಲೇಕ್ ಸೇಂಟ್ ಲೂಯಿಸ್ ಎಂಬ ಊರಿನಲ್ಲಿ. ಕೇಂದ್ರದವರು ನಿಯಮಗಳನ್ನು ಮಾಡುತ್ತಾರೆ. ಆಯಾ ಊರಿನ ಲೀಗನ್ನು ನಡೆಸುವ ಹಕ್ಕನ್ನು ಅಲ್ಲಲ್ಲಿನ ನಿರ್ವಾಹಕರಿಗೆ ಕೊಡುತ್ತಾರೆ. ತಂಡಗಳೆಲ್ಲ ಬಡಾವಣೆಯ ಬಾರುಗಳಲ್ಲಿ, ಪೂಲ್ ಹಾಲುಗಳಲ್ಲಿ ಹುಟ್ಟಿಕೊಳ್ಳುತ್ತವೆ. ಶನಿವಾರ ಬಾರಿಗೆ ಜನ ತಾವಾಗಿಯೇ ಬರುತ್ತಾರೆ. ವಾರದ ನಡುವಿನ ಸಂಜೆಗಳು ಮಾತ್ರ ಬಣಗುಡುತ್ತವೆ. ಅಂತಹ ಸಂಜೆಗಳಿಗೆ ಜನರನ್ನು ಕರೆತರುವ ಲೀಗು ಮಾಲೀಕನಿಗೂ ಬೇಕು. ಬಸವನಿಗೆ ಹುಲ್ಲು, ರೈತನಿಗೆ ಉಳುಮೆ ಎಂಬಂತೆ ಏರ್ಪಾಡು ಗಟ್ಟಿಯಾಯಿತು. ಇಂದು ಅದರ ಸದಸ್ಯರು ಎರಡು ಲಕ್ಷಕ್ಕೂ ಮಿಕ್ಕಿದ್ದಾರೆ. ಗೆದ್ದು ಗೆದ್ದು ಮೇಲೇರಿದ ತಂಡಗಳು ಲಾಸ್ ವೇಗಸ್ ನಗರದ ವಾರ್ಷಿಕ ಮೇಳಕ್ಕೆ ಹೋಗುತ್ತವೆ. ಹೋಗದವರು ಮುಂದಿನ ಮಂಗಳವಾರಕ್ಕೆ ಕಾಯುತ್ತಾರೆ.

ಭಾವನವರೊಡನೆ ನಾನೂ ಹೋದೆ. ಮಂದವಾದ ಬೆಳಕು, ಗೋಡೆಯ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರಗಳು, ಮೂಲೆಯಲ್ಲಿ ಏಳಡಿ ಉದ್ದದ ಎರಡು ಮೇಜುಗಳು. ಮೇಜಿಗೆ ಹಸಿರು ಬಟ್ಟೆ, ಆರು ಪಾಕೆಟ್ಟುಗಳು. ನಮ್ಮ ಕೇರಂ ಬೋರ್ಡನ್ನು ಬಲ್ಲವರಿಗೆ ಈ ಆಟವನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಸ್ಟ್ರೈಕರು, ಇಲ್ಲಿ ಬಿಳಿಯ ಚೆಂಡು. ಅಲ್ಲಿ ಬೆರಳು, ಇಲ್ಲಿ ಕ್ಯೂ ಎಂಬ ಕೋಲು. ಅಲ್ಲಿ ಕಪ್ಪು-ಬಿಳಿ ಕಾಯಿಗಳು, ಇಲ್ಲಿ ಹದಿನೈದು ಬಣ್ಣದ ಚೆಂಡುಗಳು. ಒಂದರಿಂದ ಏಳು ಒಬ್ಬರವು, ಒಂಬತ್ತರಿಂದ ಹದಿನೈದು ಇನ್ನೊಬ್ಬರವು. ತನ್ನ ಏಳನ್ನೂ ಪಾಕೆಟ್ಟಿಗೆ ಇಳಿಸಿದವನು ಕೊನೆಗೆ ಎಂಟನೆಯ ಕರಿಯ ಚೆಂಡನ್ನು ಇಳಿಸಬೇಕು. ಅದನ್ನು ಯಾವ ಪಾಕೆಟ್ಟಿಗೆ ಕಳುಹಿಸುವೆನೆಂಬುದಕ್ಕೆ ಮೊದಲೇ ಅಲ್ಲೊಂದು ಗುರುತನ್ನಿಡಬೇಕು. ಕೈತಪ್ಪಿ ಬೇರೆ ಕಡೆ ಬಿದ್ದರೆ, ಅಥವಾ ಕರಿಯದರ ಹಿಂದೆಯೇ ಬಿಳಿಯದೂ ಬಿದ್ದರೆ, ಗೆಲುವು ಎದುರಾಳಿಗೆ. ಬಾಯಲ್ಲಿ ಆಡಿದ್ದನ್ನು ಕೈಯಲ್ಲಿ ಮಾಡಿ ತೋರಿಸಬೇಕೆಂಬ ಈ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಸಾರ್ವಜನಿಕ ಜೀವನಕ್ಕೂ ಇದನ್ನು ಅನ್ವಯಿಸಿದರೆ ಎಷ್ಟು ಮಂದಿ ಮೇಜಿನ ಬಳಿ ಉಳಿದಾರು!

ಇನ್ನು ಅಂಕಿಯ ಮಾತಿಗೆ ಬರೋಣ. ಎಂಟು ಚೆಂಡಿನ ಈ ಆಟದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದು ಅಂಕಿಯುಂಟು. ತೀರ ಎಳಸಾದವರಿಗೆ ಎರಡು, ಪಳಗಿದವರಿಗೆ ಏಳು, ಉಳಿದವರು ನಡುವೆ. ಆಟವೊಂದನ್ನು ಗೆಲ್ಲುವುದಕ್ಕೆ ಎಷ್ಟು ಸರದಿಗಳು ಬೇಕಾದುವು ಎಂಬುದನ್ನು ವಾರವಾರವೂ ಬರೆದಿಟ್ಟು, ಆ ಲೆಕ್ಕದಿಂದ ಅಂಕಿಯನ್ನು ತೆಗೆಯುತ್ತಾರೆ. ಇಷ್ಟಾದರೆ ನಮ್ಮ ಪರೀಕ್ಷೆಗೂ ಅದಕ್ಕೂ ಭೇದವಿರಲಿಲ್ಲ. ಭೇದವಿರುವುದು ಅಂಕಿಯನ್ನು ಬಳಸುವ ಬಗೆಯಲ್ಲಿ. ಏಳರವನಿಗೂ ಎರಡರವನಿಗೂ ಪಂದ್ಯ ಬಿದ್ದಿತೆನ್ನಿ. ಏಳರವನು ಏಳು ಆಟ ಗೆಲ್ಲಬೇಕು. ಎರಡರವನು ಎರಡು ಗೆದ್ದರೆ ಸಾಕು, ಪಂದ್ಯ ಅವನದು. ಅಂಕಿ ಇಲ್ಲಿ ಬಲ್ಲವನ ಎದೆಯ ಮೇಲಿನ ಪದಕವಲ್ಲ, ಹೆಗಲ ಮೇಲಿನ ಹೊರೆ. ಹೆಚ್ಚು ಬಲ್ಲವನು ಹೆಚ್ಚು ಹೊರಬೇಕು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಪ್ಪತ್ತಮೂರರ ನಿಯಮ. ತಂಡದಲ್ಲಿ ಎಂಟು ಮಂದಿಯವರೆಗೆ ಇರಬಹುದು. ಒಂದು ಸಂಜೆಗೆ ಆಡುವವರು ಐವರು. ಆ ಐವರ ಅಂಕಿಗಳನ್ನು ಕೂಡಿದರೆ ಇಪ್ಪತ್ತಮೂರನ್ನು ಮೀರಕೂಡದು. ಐವರು ಏಳರವರನ್ನು ಕಟ್ಟಿಕೊಂಡು ಎಲ್ಲರನ್ನೂ ಬಡಿಯೋಣವೆಂದರೆ ಮೊತ್ತ ಮೂವತ್ತೈದಾಗುತ್ತದೆ; ಬಾಗಿಲಲ್ಲಿಯೇ ತಡೆ. ಏಳರವನನ್ನು ಆಡಿಸಬೇಕೆಂಬ ಆಸೆಯಿದ್ದರೆ ಎರಡರವನನ್ನು ಹುಡುಕಿಕೊಂಡು ಹೋಗಬೇಕು. ದುರ್ಬಲನನ್ನು ಅಯ್ಯೋ ಪಾಪವೆಂದು ಸೇರಿಸಿಕೊಳ್ಳುವುದು ಬೇರೆ, ಅವನಿಲ್ಲದೆ ನಮ್ಮ ಲೆಕ್ಕವೇ ಕೂಡುವುದಿಲ್ಲವೆಂದು ಕರೆಯುವುದು ಬೇರೆ. ಮೊದಲನೆಯದರಲ್ಲಿ ಅವನು ಭಿಕ್ಷುಕ; ಎರಡನೆಯದರಲ್ಲಿ ಅವನು ಪಾಲುದಾರ. ದಯೆ ದಣಿಯುತ್ತದೆ, ಲೆಕ್ಕ ದಣಿಯುವುದಿಲ್ಲ. ಸಮಾನತೆಯನ್ನು ಕುರಿತು ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಅವುಗಳಲ್ಲಿ ಯಾವುದೂ ಈ ಒಂದು ಕೂಡುವ ಲೆಕ್ಕದಷ್ಟು ಸ್ಪಷ್ಟವಾಗಿರಲಿಲ್ಲ.

ಭಾವನವರ ತಂಡವನ್ನು ನೋಡಿ. ನಾಯಕಿ ಶಾಲೆಯ ಬಸ್ಸು ನಡೆಸುವ ಹೆಂಗಸು, ಅವಳದು ಐದು. ಟೈರು ಅಂಗಡಿಯ ತರುಣನೊಬ್ಬ, ಅವನದೂ ಐದು. ಭಾವನವರದು ನಾಲ್ಕು. ಲಾರಿ ನಡೆಸಿ ನಿವೃತ್ತನಾದ ಮುದುಕನೊಬ್ಬ, ನಡೆದರೆ ಮೊಣಕಾಲು ಕಿರುಗುಟ್ಟುತ್ತದೆ, ಕೋಲು ಹಿಡಿದರೆ ಕೈ ಬಂಡೆಯಂತೆ ನಿಲ್ಲುತ್ತದೆ, ಅವನದು ಏಳು. ಐದನೆಯವಳು ಆಸ್ಪತ್ರೆಯ ದಾದಿ, ಆಟಕ್ಕೆ ಬಂದು ವರ್ಷವಾಗಿರಲಿಲ್ಲ, ಅವಳದು ಎರಡು. ಏಳು, ಐದು, ಐದು, ನಾಲ್ಕು, ಎರಡು — ಕೂಡಿದರೆ ಸರಿಯಾಗಿ ಇಪ್ಪತ್ತಮೂರು. ಮದುವೆಯ ಛತ್ರದಲ್ಲಿಯೂ ಇಷ್ಟು ಬಗೆಯ ಜನ ಒಂದೇ ಪಂಕ್ತಿಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಮುದುಕನಿಗೂ ಭಾವನವರಿಗೂ ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿ. ಆದರೆ ಮಂಗಳವಾರ ಅವರ ನಡುವೆ ಇರುತ್ತಿದ್ದ ಒಂದೇ ಪ್ರಶ್ನೆ, ಒಂಬತ್ತನೆಯ ಚೆಂಡನ್ನು ದಪ್ಪವಾಗಿ ಹೊಡೆಯಬೇಕೆ, ಸವರಿದಂತೆ ಹೊಡೆಯಬೇಕೆ ಎಂಬುದು.

ಒಂದು ಸಂಜೆ ಎರಡೂ ತಂಡಗಳು ಎರಡೆರಡು ಪಂದ್ಯ ಗೆದ್ದು ಸಮನಾಗಿದ್ದವು. ಕೊನೆಯ ಪಂದ್ಯಕ್ಕೆ ಉಳಿದವಳು ದಾದಿ, ಎದುರಾಳಿ ಏಳರವನು. ಅವನು ಮೇಜಿನ ಸುತ್ತ ಸುಳಿಯುತ್ತಿದ್ದ ರೀತಿಯೇ ಬೇರೆ. ಚೆಂಡುಗಳು ಅವನ ಮಾತು ಕೇಳುವ ಹಾಗಿದ್ದವು. ಒಂದಾದ ಮೇಲೊಂದು ಮೂರು ಆಟ ಅವನವೇ. ನಾಲ್ಕನೆಯದರಲ್ಲಿ ಕರಿಯ ಚೆಂಡಿನ ಬೆನ್ನಹಿಂದೆಯೇ ಬಿಳಿಯದೂ ಪಾಕೆಟ್ಟಿಗೆ ಇಳಿದು, ಆಟ ದಾದಿಗೆ ಬಂತು. ಅವನು ಮತ್ತೆರಡು ಗೆದ್ದ. ಐದಕ್ಕೆ ಒಂದು. ಏಳನೆಯ ಆಟದಲ್ಲಿ ಅವನು ಒಂದು ಹೊಡೆತ ತಪ್ಪಿದ. ದಾದಿಗೆ ಉಳಿದಿದ್ದವು ಎರಡು ಚೆಂಡು, ಆಮೇಲೆ ಕರಿಯದು.

ಈ ಲೀಗಿನಲ್ಲಿ ಇನ್ನೊಂದು ಸೊಗಸಾದ ನಿಯಮವುಂಟು. ಆಟದ ನಡುವೆ ಆಟಗಾರನು ತನ್ನ ತಂಡದವರೊಬ್ಬರನ್ನು ಕರೆದು ಒಂದು ನಿಮಿಷ ಸಲಹೆ ಕೇಳಬಹುದು. ಬಲ್ಲವರಿಗೆ ಆಟಕ್ಕೊಂದು ಸಲಹೆ. ಮೂರು ಮತ್ತು ಅದಕ್ಕಿಂತ ಕೆಳಗಿನವರಿಗೆ ಎರಡು. ಪರೀಕ್ಷೆಯ ಕೊಠಡಿಯಲ್ಲಿ ಹಿಂದುಳಿದ ಹುಡುಗನು ಮೇಲ್ವಿಚಾರಕರನ್ನು ಎರಡು ಬಾರಿ ಕರೆದು “ಸಾರ್, ಇಲ್ಲಿ ಹೇಗೆ?” ಎಂದು ಕೇಳಬಹುದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ನನ್ನ ಮನಸ್ಸು ಅಷ್ಟು ದೂರ ಹೋಗಿ ಬಂತು. ಮುದುಕ ಕಿರುಗುಟ್ಟುತ್ತ ಎದ್ದು ಹೋದ. ಮೇಜಿನ ಮೇಲೆ ಬೆರಳಿಟ್ಟು ಏನನ್ನೋ ತೋರಿಸಿದ. ಅವಳು ಹೊಡೆದಳು, ಚೆಂಡು ಇಳಿಯಿತು. ಇನ್ನೊಂದೂ ಇಳಿಯಿತು. ಕರಿಯದಕ್ಕೆ ಮತ್ತೆ ಕರೆದಳು. ಈ ಬಾರಿ ಅವನು ಕೈಯನ್ನೂ ತೋರಿಸಲಿಲ್ಲ. ಅವಳ ಕಿವಿಯಲ್ಲಿ ಒಂದೇ ಮಾತು ಹೇಳಿ ಬಂದು ಕುಳಿತ. ಪಾಕೆಟ್ಟಿನ ಬಳಿ ಗುರುತಿಟ್ಟು, ಉಸಿರು ಹಿಡಿದು, ಅವಳು ಮೆಲ್ಲನೆ ತಟ್ಟಿದಳು. ಕರಿಯ ಚೆಂಡು ಯೋಚಿಸುತ್ತ ಯೋಚಿಸುತ್ತ ಹೋಗಿ ಒಳಗೆ ಬಿತ್ತು.

ಐದು ಆಟ ಗೆದ್ದವನು ಸೋತ, ಎರಡು ಗೆದ್ದವಳು ಗೆದ್ದಳು. ಮೊದಲು ಕೈ ತಟ್ಟಿದವನು ಆ ಏಳರವನೇ. ಹಿಂದಿರುಗುವಾಗ ಕಾರಿನಲ್ಲಿ ಭಾವನವರನ್ನು ಕೇಳಿದೆ:

“ಆ ಮುದುಕರು ಕಿವಿಯಲ್ಲಿ ಏನು ಹೇಳಿದರು ಭಾವ?”

“ನಾನೂ ಕೇಳಿದೆ. ‘ಉಸಿರಾಡು’ ಅಂದರಂತೆ” ಎಂದರು ಭಾವನವರು.

ಈ ಕೂಟದ ಇನ್ನೊಂದು ವಿಶೇಷವೆಂದರೆ, ಪ್ರತಿ ಮೇಜಿಗೂ ಒಬ್ಬ ತೀರ್ಪುಗಾರನಿಲ್ಲ. ಎರಡು ತಂಡದವರೂ ತಮ್ಮತಮ್ಮ ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಕೊನೆಗೆ ತಾಳೆ ನೋಡುತ್ತಾರೆ. ತಪ್ಪಾದರೆ ಆಡುವವನೇ ಹೇಳಬೇಕು. ಟೈರು ಅಂಗಡಿಯ ತರುಣ ಒಮ್ಮೆ ಕೋಲನ್ನು ಹೂಡುತ್ತಿದ್ದಾಗ ಅದರ ತುದಿ ಬಿಳಿಯ ಚೆಂಡಿಗೆ ಕೂದಲೆಳೆಯಷ್ಟು ತಗುಲಿತಂತೆ. ಯಾರೂ ನೋಡಿರಲಿಲ್ಲ, ಪಕ್ಕದಲ್ಲಿಯೇ ಕುಳಿತಿದ್ದ ನಾನೂ ನೋಡಿರಲಿಲ್ಲ. ಅವನು ನೆಟ್ಟಗೆ ನಿಂತು, ಬಿಳಿಯ ಚೆಂಡನ್ನು ಎತ್ತಿ ಎದುರಾಳಿಯ ಕೈಗೆ ಕೊಟ್ಟ. ಎದುರಾಳಿಯು ಅದನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಆ ಆಟವನ್ನು ಗೆದ್ದ. ಯಾರೂ ತರುಣನನ್ನು ಹೊಗಳಲಿಲ್ಲ. ಹೊಗಳದಿದ್ದುದೇ ನನಗೆ ದೊಡ್ಡದಾಗಿ ಕಂಡಿತು. ಅವರ ಪಾಲಿಗೆ ಅದು ಸೀನಿದರೆ ಕರವಸ್ತ್ರ ತೆಗೆಯುವಷ್ಟು ಸಹಜವಾದ ಸಂಗತಿ.

ಹಾಗೆಂದು ಅಲ್ಲಿರುವವರೆಲ್ಲ ಸತ್ಯಹರಿಶ್ಚಂದ್ರರೆಂದು ಭಾವಿಸಬೇಕಾಗಿಲ್ಲ. ಅಂಕಿ ಇರುವಲ್ಲಿ ಅಂಕಿಯನ್ನು ವಂಚಿಸುವವನೂ ಇರುತ್ತಾನೆ. ನಮ್ಮಲ್ಲಿ ಅಂಕಿಯನ್ನು ಏರಿಸಿಕೊಳ್ಳಲು ನಕಲು ಮಾಡುತ್ತಾರೆ. ಅಲ್ಲಿ ಇಳಿಸಿಕೊಳ್ಳಲು ನಟನೆ ಮಾಡುತ್ತಾರೆ. ಐದರವನು ಬೇಕೆಂದೇ ಹೊಡೆತ ತಪ್ಪಿಸಿ, ಸರದಿಗಳ ಲೆಕ್ಕವನ್ನು ಉಬ್ಬಿಸಿ, ಮೂರರವನಾಗಿ ಉಳಿದುಕೊಂಡರೆ ದೊಡ್ಡ ಪಂದ್ಯದ ದಿನ ಅವನ ತಂಡಕ್ಕೆ ಲಾಭ. ಇದಕ್ಕೆ ಅವರು ‘ಸ್ಯಾಂಡ್‌ಬ್ಯಾಗಿಂಗ್’ ಎನ್ನುತ್ತಾರೆ. ಹಳೆಯ ಪೂಲ್ ರೂಮಿನ ಚತುರನು ಹೊಸ ಅಂಗಿ ತೊಟ್ಟು ಬಂದಿರುವನೆಂದೇ ಇದರ ಅರ್ಥ. ಇದನ್ನು ಹಿಡಿಯಲು, ಚೆಂಡನ್ನು ಇಳಿಸುವ ಉದ್ದೇಶವಿಲ್ಲದೆ ಹೊಡೆದ ಹೊಡೆತಗಳನ್ನು ಹಾಳೆಯಲ್ಲಿ ಬೇರೆಯಾಗಿ ಗುರುತುಮಾಡುವ ಪದ್ಧತಿಯಿದೆ. ಆದರೂ ಮನಸ್ಸಿನ ಉದ್ದೇಶವನ್ನು ಪೂರ್ತಿಯಾಗಿ ಅಳೆಯುವ ಹಾಳೆ ಎಲ್ಲಿದೆ? ಯಾವ ನಿಯಮವೂ ಒಂದು ಮಟ್ಟದವರೆಗೆ ಮಾತ್ರ ಮನುಷ್ಯನನ್ನು ಕಾಯುತ್ತದೆ. ಅದರಾಚೆಗೆ ಮನುಷ್ಯನೇ ನಿಯಮವನ್ನು ಕಾಯಬೇಕು.

ಹೀಗೆ ಯೋಚಿಸುತ್ತಿದ್ದಾಗ ನಮ್ಮ ದೇಶದ ನೆನಪೂ ಬಂತು. ಪೂಲಿನ ದಾಯಾದಿಯಾದ ಸ್ನೂಕರ್ ಹುಟ್ಟಿದ್ದು ಭಾರತದಲ್ಲಿಯೇ. ೧೮೭೫ರಲ್ಲಿ ಜಬಲ್ಪುರದ ಸೈನಿಕ ಬಿಡಾರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವನು ಬೇರೆ. ‘ಸ್ನೂಕರ್’ ಎಂಬುದು ವೂಲಿಚ್ ಸೈನಿಕ ವಿದ್ಯಾಲಯದಲ್ಲಿ ಮೊದಲ ವರ್ಷದ ಹುಡುಗರಿಗೆ ಇಟ್ಟಿದ್ದ ಅಡ್ಡಹೆಸರು; ಎಂದರೆ ಏನೂ ತಿಳಿಯದ ಹೊಸಬ. ಒಬ್ಬನು ಸುಲಭವಾದ ಚೆಂಡನ್ನು ತಪ್ಪಿದಾಗ ಚೇಂಬರ್ಲೇನ್ ಅವನನ್ನು ಹಾಗೆಂದು ಕರೆದು, ಅವನ ಮುಖ ಸಪ್ಪಗಾದುದನ್ನು ಕಂಡು, ಈ ಆಟಕ್ಕೆ ನಾವೆಲ್ಲರೂ ಹೊಸಬರೇ ಅಲ್ಲವೆ ಎಂದು ಸಮಾಧಾನ ಹೇಳಿದನೆಂದು ಪ್ರತೀತಿ. ಆಟಕ್ಕೆ ಆ ಹೆಸರೇ ನಿಂತಿತು. ಮುಂದೆ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ಖಚಿತವಾದುವು.

ಎಲ್ಲರೂ ಹೊಸಬರೆಂಬ ಮಾತಿನಿಂದ ಹೆಸರು ಪಡೆದ ಈ ಆಟ ಬೆಳೆದದ್ದು ಮಾತ್ರ, ಹೊಸಬರನ್ನು ಹೊರಗೇ ನಿಲ್ಲಿಸುವ ಕ್ಲಬ್ಬುಗಳಲ್ಲಿ. ಆ ಬಾಗಿಲುಗಳನ್ನು ನಮ್ಮವರು ಕೋಲಿನ ತುದಿಯಿಂದಲೇ ಸರಿಸಿದರು. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ ೧೯೫೮ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ೨೦೦೩ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು. ಆಮೇಲೆ ಅವರು ಗೆದ್ದ ವಿಶ್ವಪ್ರಶಸ್ತಿಗಳನ್ನು ಎಣಿಸಲು ಎರಡು ಕೈಗಳ ಬೆರಳುಗಳು ಸಾಲವು. ಇವರ ಸಾಧನೆಯ ಮುಂದೆ ಬಾರಿನ ಮೂಲೆಯ ದಾದಿಯ ಗೆಲುವು ಯಾವ ಲೆಕ್ಕ ಎನ್ನಬಹುದು. ಆದರೆ ‘ಹವ್ಯಾಸಿ’ ಎಂಬ ಮಾತಿಗೆ ಎರಡು ಮುಖಗಳಿವೆ. ಶಿಖರವನ್ನು ಮುಟ್ಟುವ ಹವ್ಯಾಸಿಯೊಬ್ಬ. ಬೆಟ್ಟದ ಬುಡದಲ್ಲಿ ಗಾಳಿ ಚೆನ್ನಾಗಿದೆಯೆಂದು ದಿನವೂ ನಡೆಯುವ ಹವ್ಯಾಸಿಯೊಬ್ಬ. ಕಚೇರಿ ಬಿಟ್ಟೊಡನೆ ಬಣ್ಣ ಹಚ್ಚಲು ಓಡುತ್ತಿದ್ದ ಗುಮಾಸ್ತರು, ಮೇಷ್ಟರುಗಳು ನಮ್ಮ ಹವ್ಯಾಸಿ ರಂಗಭೂಮಿಯನ್ನು ಕಟ್ಟಲಿಲ್ಲವೆ? ಅವರಲ್ಲಿ ಎಲ್ಲರೂ ರಾಜನ ಪಾತ್ರ ಮಾಡಲಿಲ್ಲ. ದೀಪ ಹಿಡಿಯುವ ಸೇವಕನ ಪಾತ್ರಕ್ಕೂ ಒಬ್ಬನು ಬೇಕಾಗಿದ್ದುದರಿಂದಲೇ ನಾಟಕ ನಡೆಯಿತು.

ನಾನು ಊರಿಗೆ ಹೊರಡುವ ಹಿಂದಿನ ಮಂಗಳವಾರ ಒಂದು ಸಂಗತಿ ನಡೆಯಿತು. ದಾದಿಯ ಅಂಕಿ ಎರಡರಿಂದ ಮೂರಕ್ಕೆ ಏರಿತ್ತು. ತಂಡದವರೆಲ್ಲ ಅವಳ ಬೆನ್ನು ತಟ್ಟಿದರು. ನಾಯಕಿ ಎಲ್ಲರಿಗೂ ಹುರಿದ ಆಲೂಗಡ್ಡೆ ತರಿಸಿದಳು. ಸಂಭ್ರಮದ ನಡುವೆಯೇ ನಾನು ಮನಸ್ಸಿನಲ್ಲಿ ಕೂಡಿದೆ: ಏಳು, ಐದು, ಐದು, ನಾಲ್ಕು, ಮೂರು — ಇಪ್ಪತ್ತನಾಲ್ಕು! ಅವಳ ಏಳಿಗೆಯೇ ಲೆಕ್ಕವನ್ನು ಕೆಡಿಸಿತ್ತು. ಇನ್ನು ಮುಂದೆ ಈ ಐವರೂ ಒಂದೇ ಸಂಜೆ ಒಟ್ಟಿಗೆ ಆಡುವಂತಿಲ್ಲ. ಲೀಗಿನಲ್ಲಿ ಇದು ಹೊಸದಲ್ಲವಂತೆ. ಆಟ ಸುಧಾರಿಸಿದಷ್ಟೂ ತಂಡ ಬಿಗಿಯಾಗುತ್ತದೆ. ಕೊನೆಗೆ ಕೆಲವರು ಹೊರಗೆ ಹೋಗಿ, ಹೊಸ ಎರಡರವರನ್ನು, ಮೂರರವರನ್ನು ಹುಡುಕಿ, ಬೇರೆ ತಂಡ ಕಟ್ಟುತ್ತಾರೆ. ಲೀಗು ಬೆಳೆಯುವುದೇ ಹಾಗೆ. ಅವಿಭಕ್ತ ಕುಟುಂಬ ಒಡೆದು ಊರು ಬೆಳೆದಂತೆ. ಬೆಳೆಯುವುದು ಒಳ್ಳೆಯದೇ. ಆದರೆ ಜೊತೆಯಲ್ಲಿ ಕುಳಿತವರು ಪಾಲಾಗುವುದು ಯಾವ ಊರಿನಲ್ಲಿಯೂ ಸುಲಭದ ಮಾತಲ್ಲ.

ನಾಯಕಿ ಪೆನ್ಸಿಲನ್ನು ಕಚ್ಚುತ್ತ ಹಾಳೆಯನ್ನು ನೋಡುತ್ತಿದ್ದಳು. ಆಗ ಮುದುಕ ತನ್ನ ಕೋಲನ್ನು ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಸೇರಿಸಿದ. ತನ್ನ ಬದಲು ಆರನೆಯವನಾಗಿ ಕಾಯುತ್ತಿದ್ದ ಹುಡುಗನನ್ನು ಆಡಿಸಿರೆಂದ. ವಾರ ಬಿಟ್ಟು ವಾರ ತಾನು ಕುಳಿತೇ ಇರುವೆನೆಂದ. ಮೊಣಕಾಲಿಗೂ ಅದೇ ಹಿತವೆಂದು ಒಂದು ನೆಪವನ್ನೂ ಸೇರಿಸಿದ. ಆ ಸಂಜೆ ಅವನು ಒಂದು ಚೆಂಡನ್ನೂ ಮುಟ್ಟಲಿಲ್ಲ. ದಾದಿ ಸಲಹೆಗೆ ಕರೆದಾಗ ಮಾತ್ರ ಎರಡೆರಡು ಬಾರಿ ಎದ್ದುಹೋಗಿ ಬರುತ್ತಿದ್ದ. ತಂಡದ ಅತಿ ದೊಡ್ಡ ಅಂಕಿ ಬೆಂಚಿನ ಮೇಲೆ ಕುಳಿತು ಅತಿ ಸಣ್ಣ ಅಂಕಿಯ ಆಟವನ್ನು ನೋಡುತ್ತಿತ್ತು. ಅವನ ಮುಖದಲ್ಲಿ ತ್ಯಾಗದ ಗಾಂಭೀರ್ಯವೇನೂ ಇರಲಿಲ್ಲ. ಹುರಿದ ಆಲೂಗಡ್ಡೆಯನ್ನು ಸುಖವಾಗಿ ತಿನ್ನುತ್ತಿದ್ದ.

ಊರಿಗೆ ಬಂದ ಮೇಲೆ ಈ ಲೆಕ್ಕ ನನ್ನ ತಲೆಯನ್ನು ಬಿಡಲಿಲ್ಲ. ನಮ್ಮ ಕಾಲೇಜಿನಲ್ಲಿ ಪೂಲ್ ಮೇಜು ಎಲ್ಲಿ ಬರಬೇಕು? ಕೇರಂ ಬೋರ್ಡುಗಳಿವೆ. ಪ್ರತಿವರ್ಷವೂ ತರಗತಿಗಳ ನಡುವೆ ಪಂದ್ಯ ನಡೆಯುತ್ತದೆ. ಪ್ರತಿವರ್ಷವೂ ಅದೇ ಏಳೆಂಟು ಕೈಚಳಕದ ಹುಡುಗರು ಆಡುತ್ತಾರೆ. ಉಳಿದವರು ಸುತ್ತ ನಿಂತು ಕೂಗುತ್ತಾರೆ. ದೈಹಿಕ ಶಿಕ್ಷಣದ ನಿರ್ದೇಶಕರ ಮುಂದೆ ಒಂದು ಸಲಹೆಯನ್ನಿಟ್ಟೆ. ತಂಡಕ್ಕೆ ಐವರು, ಪ್ರತಿಯೊಬ್ಬನಿಗೂ ಒಂದರಿಂದ ಐದರವರೆಗೆ ಒಂದು ಅಂಕಿ, ಐವರ ಮೊತ್ತ ಹದಿನೈದನ್ನು ಮೀರಬಾರದು. ಎರಡು ವಾರ ಸುಮ್ಮನೆ ಆಡಲಿ, ಅಂಕಿಗಳನ್ನು ಹುಡುಗರೇ ಕೂಡಿ ನಿರ್ಧರಿಸಲಿ.

“ಮೇಷ್ಟ್ರೇ, ಕನ್ನಡ ಬಿಟ್ಟು ಗಣಿತಕ್ಕೆ ಯಾವಾಗ ಬಂದಿರಿ?” ಎಂದು ನಕ್ಕರು ನಿರ್ದೇಶಕರು. ಆದರೂ ಒಪ್ಪಿದರು.

ಎರಡನೆಯ ವರ್ಷದ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿರುವವನು. ಕಡೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುವವನು. ಹಾಜರಿ ಕರೆದಾಗಲಲ್ಲದೆ ಅವನ ದನಿಯನ್ನು ಯಾರೂ ಕೇಳಿದ್ದಿಲ್ಲ. ಕೇರಮ್ಮಿನಲ್ಲಿ ಅವನಿಗೆ ಬಂದದ್ದು ಒಂದು. ಅಂಕಿಗಳ ಪಟ್ಟಿಯನ್ನು ಹಚ್ಚಿದ ಮಾರನೆಯ ದಿನ, ತರಗತಿ ಮುಗಿದ ಮೇಲೆ ಅವನು ನನ್ನ ಬಳಿ ಬಂದು ನಿಂತ. ಪಟ್ಟಿಯಲ್ಲಿ ತನ್ನದೇ ಅತಿ ಸಣ್ಣ ಅಂಕಿಯೆಂದು ದೂರಲು ಬಂದನೋ ಎಂದುಕೊಂಡೆ.

“ಸಾರ್, ನಿನ್ನೆ ರಾತ್ರಿ ನಮ್ಮ ರೂಮಿಗೆ ಮೂರು ತಂಡದವರು ಬಂದಿದ್ರು ಸಾರ್” ಎಂದ.

“ಯಾಕಪ್ಪ?”

“ನನ್ನನ್ನ ಕರೆಯೋಕೆ ಸಾರ್.”

ಅವನು ನಗಲಿಲ್ಲ. ನಂಬಲು ಇನ್ನೂ ಸ್ವಲ್ಪ ಕಾಲ ಬೇಕೆಂಬಂತೆ ನಿಂತಿದ್ದ. ಮೂವರಲ್ಲಿ ಯಾರ ಕಡ�ೆ ಹೋಗಬೇಕೆಂಬುದು ಅವನ ಪ್ರಶ್ನೆಯಾಗಿತ್ತು. ಆರಿಸಿಕೊಳ್ಳುವ ತೊಡಕು ಅವನಿಗೆ ಬಹುಶಃ ಜೀವನದಲ್ಲಿ ಅದೇ ಮೊದಲು. ಅದನ್ನು ಅವನಿಂದ ಕಸಿದುಕೊಳ್ಳಬಾರದೆಂದು ನಾನು ಉತ್ತರ ಹೇಳಲಿಲ್ಲ.

ಈಗ ಒಂದು ತಿಂಗಳಾಗಿದೆ. ರಾತ್ರಿ ಊಟವಾದ ಮೇಲೆ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ಅವನ ತಂಡದ ಐದರ ಹುಡುಗ ಅವನನ್ನು ಕೂರಿಸಿಕೊಂಡು, ಸ್ಟ್ರೈಕರಿನ ಮೇಲೆ ಬೆರಳು ಹೇಗಿರಬೇಕೆಂದು ಹೇಳಿಕೊಡುತ್ತಾನಂತೆ. ಹೋದ ಶನಿವಾರ ಅವನ ಅಂಕಿ ಎರಡಾಯಿತು. ತಂಡದ ಮೊತ್ತ ಹದಿನಾರು. ಐವರೂ ನನ್ನ ಕೊಠಡಿಗೆ ಬಂದು, ಒಂದನ್ನು ಮಾಫಿ ಮಾಡಬೇಕೆಂದು ಬಹಳ ವಾದಿಸಿದರು. ನಿಯಮ ನಿಯಮವೇ ಎಂದೆ. ಗೊಣಗುತ್ತ ಹೋದರು.

ಮಧ್ಯಾಹ್ನ ಪಂದ್ಯದ ಕೋಣೆಯಲ್ಲಿ ಇಣುಕಿದೆ. ಬೋರ್ಡಿನ ಮುಂದೆ ಎರಡರ ಹುಡುಗ ಕುಳಿತಿದ್ದ. ಅವನ ಹಿಂದೆ, ಗೋಡೆಗೊರಗಿ ನೆಲದ ಮೇಲೆ, ಐದರವನು ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ.